ಈ ಓಲೆಯ ವಿಳಾಸ ಯಾರದು?

ತುಮಕೂರಿನಿಂದ ಶಿರಾ ದಾರಿ ಹಿಡಿದವರಿಗೆ ಊರು ಮುಗಿಯಿತು ಎನ್ನುವಷ್ಟರಲ್ಲಿ ನಮ್ಮ ಅಂತರಸನಹಳ್ಳಿ ಸಿಗುತ್ತದೆ. ಕೈಗಾರಿಕಾ ಪ್ರದೇಶ ಇಲ್ಲಿದೆ. ತರಕಾರಿ ಮಾರುಕಟ್ಟೆಯೂ ಇಲ್ಲಿದೆ. ಬೆಳಗಿನ ಜಾವ ತಿರುಗಾಡಲು ಹೊರಟಾಗ ನಾನು ಮಾರುಕಟ್ಟೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುವುದುಂಟು. ಬದನೆಕಾಯಿಯ ಮೂಟೆ ಬಿಚ್ಚಿ ಸುರಿಯುತ್ತಾರೆ. ನೋಡುನೋಡುತ್ತಿದ್ದಂತೆ ನೆಟ್ಟಗಿರುವುದು ಒಂದು ಕಡೆಗೆ, ಸೊಟ್ಟಗಿರುವುದು ಇನ್ನೊಂದು ಕಡೆಗೆ ಬೀಳುತ್ತದೆ. ಬೆಲೆಯೂ ಎರಡಾಗುತ್ತದೆ. ಎರಡರ ರುಚಿಯೂ ಒಂದೇ ಎಂಬುದು ಆರಿಸುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಆದರೂ ಆರಿಸುವ ಕೈ ನಿಲ್ಲುವುದಿಲ್ಲ.

ಬದನೆಕಾಯಿಗೆ ಇದರಿಂದ ನೋವಿಲ್ಲ. ಮನುಷ್ಯರನ್ನೂ ಹೀಗೆಯೇ ಆರಿಸುವ ನಮ್ಮ ಮನೆಗಳ ವಿಷಯವಾಗಿ ನಾಲ್ಕು ಮಾತು ಬರೆಯಬೇಕಾಗಿ ಬಂದಿದೆ. ಅದರ ಕಾರಣವನ್ನು ಮೊದಲು ಹೇಳುತ್ತೇನೆ.

ಕೆಲವು ತಿಂಗಳಿಂದ ನಮ್ಮ ಬಡಾವಣೆಯ ಮನೆಗಳಿಗೆ ಬೆಳಗಿನ ಪತ್ರಿಕೆಯ ಮಡಿಕೆಯೊಳಗೆ ಕುಳಿತು ನುಣುಪಾದ ಬಣ್ಣದ ಹಾಳೆಗಳು ಬರತೊಡಗಿವೆ. ಮೂಗು ತಿದ್ದುತ್ತೇವೆ, ತುಟಿ ತುಂಬುತ್ತೇವೆ, ಹೊಟ್ಟೆಯ ಕೊಬ್ಬು ತೆಗೆಯುತ್ತೇವೆ, ಬೋಳುತಲೆಗೆ ಕೂದಲು ನೆಡುತ್ತೇವೆ ಎಂದು ಅವು ಸಾರುತ್ತವೆ. ಕಂತಿನಲ್ಲಿ ಹಣ ಕಟ್ಟಬಹುದಂತೆ. ಹಬ್ಬಕ್ಕೆ ರಿಯಾಯಿತಿಯೂ ಉಂಟಂತೆ. ಇದಕ್ಕೆ ಪ್ರತಿಯಾಗಿ ನಾವೂ ಒಂದು ಎಚ್ಚರಿಕೆಯ ಓಲೆಯನ್ನು ಅಚ್ಚು ಹಾಕಿಸಿ, ಅಂಚೆ ಚೀಟಿ ಹಚ್ಚಿ, ಮನೆಮನೆಗೆ ಕಳುಹಿಸೋಣವೆಂದು ನಮ್ಮ ನಾಗರಿಕರ ಸಂಘ ತೀರ್ಮಾನಿಸಿತು. ಒಳ್ಳೆಯ ಕೆಲಸವೇ. ‘ಕನ್ನಡದ ಮೇಷ್ಟ್ರು ಇದ್ದಾರಲ್ಲ, ಅವರು ನೋಡಿಕೊಡಲಿ’ ಎಂದು ಹೊರೆ ನನ್ನ ತಲೆಗೆ ಬಂತು. ಕನ್ನಡ ಎಂ.ಎ. ಮಾಡಿದವನಿಗೆ ಊರಿನಲ್ಲಿ ಎರಡು ಕೆಲಸ ಖಾಯಂ: ಮದುವೆಯ ಕರೆಯೋಲೆ ತಿದ್ದುವುದು, ಸತ್ತವರಿಗೆ ಶ್ರದ್ಧಾಂಜಲಿ ಬರೆಯುವುದು. ಇದು ಎರಡರ ನಡುವಿನದು.

ಸಂಘದವರು ಆಗಲೇ ಒಂದು ಮಾದರಿ ಸಿದ್ಧಮಾಡಿದ್ದರು. ಮೇಲುಗಡೆ ಕೆಂಪು ಅಕ್ಷರದಲ್ಲಿ ‘ಎಚ್ಚರ! ಸೌಂದರ್ಯದ ಹುಚ್ಚು ಸಾವಿಗೆ ದಾರಿ!’ ಅದರ ಕೆಳಗೆ ಒಂದು ತಲೆಬುರುಡೆ. ಬುರುಡೆಯ ಪಕ್ಕದಲ್ಲಿ ಚಿಕಿತ್ಸೆ ಕೆಟ್ಟು ಊದಿಕೊಂಡ ಯಾರೋ ಹೆಂಗಸಿನ ಮುಖದ ಚಿತ್ರ. ಕೊನೆಯಲ್ಲಿ ‘ದೇವರು ಕೊಟ್ಟ ರೂಪವೇ ಸಾಕು’ ಎಂಬ ಉಪದೇಶ. ಇದನ್ನು ಹುಡುಗಿಯರ ಹಾಸ್ಟೆಲುಗಳಿಗೂ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳಿಗೂ ಕಳುಹಿಸಬೇಕೆಂಬುದು ಅವರ ಇಚ್ಛೆ. ನಾನು ಮಾಡಬೇಕಾಗಿದ್ದದ್ದು ಕಾಗುಣಿತ ತಿದ್ದುವುದಷ್ಟೆ. ನಾನು ಕಾಗುಣಿತ ತಿದ್ದಲಿಲ್ಲ, ಹಾಳೆಯನ್ನೇ ಹಿಂದಿರುಗಿಸಿದೆ. ಅದರಿಂದ ಎದ್ದ ವಾಗ್ವಾದ ಇನ್ನೂ ಆರಿಲ್ಲವಾದ್ದರಿಂದ ನನ್ನ ಪಕ್ಷವನ್ನು ಸಾರ್ವಜನಿಕರ ಮುಂದೆ ಇಡುತ್ತಿದ್ದೇನೆ.

ಮೊದಲು ‘ದೇವರು ಕೊಟ್ಟ ರೂಪ’ದ ಮಾತು. ಈ ವಾಕ್ಯವನ್ನು ಸೂಚಿಸಿದ ಹಿರಿಯರ ಹಲ್ಲು ದೇವರು ಕೊಟ್ಟದ್ದಲ್ಲ, ತುಮಕೂರಿನ ದಂತವೈದ್ಯರು ಕೊಟ್ಟದ್ದು. ಅನುಮೋದಿಸಿದವರ ಮೀಸೆಯ ಕಪ್ಪು ಅಂಗಡಿಯದು. ಆಕ್ಷೇಪಿಸಿದ ನನ್ನ ಮೂಗಿನ ಮೇಲೆ ಕನ್ನಡಕ ಉಂಟು. ತಿಂಗಳಿಗೊಮ್ಮೆ ತಲೆಗೆ ಬಣ್ಣವೂ ಉಂಟು. ಮಾತು ಬಾರದ ಕೂಸಿನ ಕಿವಿ ಚುಚ್ಚಿಸಿ ಸಿಹಿ ಹಂಚುವ ಜನ ನಾವು. ಚೆಲುವಾಗಿ ಕಾಣಬೇಕೆಂಬ ಆಸೆ ಪಾಪವಲ್ಲ, ಹುಚ್ಚೂ ಅಲ್ಲ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಮುಖಕ್ಕೆ ಬಣ್ಣ ಹಚ್ಚಿಯೇ ನಾಡನ್ನು ಗೆದ್ದದ್ದು. ವ್ಯತ್ಯಾಸ ಒಂದೇ: ನಾಟಕದ ಬಣ್ಣವನ್ನು ಆಟ ಮುಗಿದ ಮೇಲೆ ಎಣ್ಣೆ ಸವರಿ ಒರೆಸಿಕೊಳ್ಳಬಹುದು, ಕತ್ತಿಯಿಂದ ಮಾಡಿದ ವೇಷವನ್ನು ಕಳಚಿ ಪೆಟ್ಟಿಗೆಯಲ್ಲಿಡಲು ಬರುವುದಿಲ್ಲ. ಓಲೆಯಲ್ಲಿ ಹೇಳಬೇಕಾದದ್ದು ಈ ವ್ಯತ್ಯಾಸವನ್ನು. ಅದನ್ನು ಬಿಟ್ಟು ಆಸೆಯನ್ನೇ ಬೈಯಲು ಹೊರಟರೆ ಓದುವವಳು ಹಾಳೆಯನ್ನು ಮಡಿಸಿಟ್ಟು ಕನ್ನಡಿಯ ಮುಂದೆ ಹೋಗಿ ನಿಲ್ಲುತ್ತಾಳೆ.

ಎರಡನೆಯದು ಚಿತ್ರದ ವಿಷಯ. ಆ ಜಾಹೀರಾತಿನ ಹಾಳೆಗಳಲ್ಲಿ ‘ಮೊದಲು’, ‘ಆಮೇಲೆ’ ಎಂದು ಎರಡು ಮುಖಗಳನ್ನು ಅಚ್ಚು ಹಾಕಿರುತ್ತಾರೆ. ನಮ್ಮ ಸಂಘದವರು ಮಾಡಿದ್ದು ಆ ಎರಡು ಮುಖಗಳನ್ನು ಅದಲುಬದಲು ಮಾಡಿದ್ದು, ಅಷ್ಟೆ. ಕುರೂಪಿಯಾಗಿರುವುದು ಭಯಂಕರ, ಆದ್ದರಿಂದ ನಮ್ಮಲ್ಲಿಗೆ ಬಾ ಎಂದು ಅವರು ಹೇಳುತ್ತಾರೆ. ಕುರೂಪಿಯಾಗುವುದು ಭಯಂಕರ, ಆದ್ದರಿಂದ ಅವರಲ್ಲಿಗೆ ಹೋಗಬೇಡ ಎಂದು ನಾವು ಹೇಳುತ್ತೇವೆ. ಮೂಲಸೂತ್ರ ಎರಡರಲ್ಲಿಯೂ ಒಂದೇ. ನಮ್ಮ ಬೀದಿಯಲ್ಲಿ ಸ್ಟೌವ್ ಸಿಡಿದು ಮುಖ ಸುಟ್ಟುಕೊಂಡ ತಾಯಿಯೊಬ್ಬರಿದ್ದಾರೆ. ಅಂಚೆಯವರು ಅವರ ಮನೆಗೂ ಈ ಓಲೆಯನ್ನು ಕೊಡುತ್ತಾರೆ. ಊದಿಕೊಂಡ ಆ ಮುಖವನ್ನು ಬುರುಡೆಯ ಪಕ್ಕದಲ್ಲಿ ನೋಡಿ ಅವರಿಗೆ ಏನನ್ನಿಸೀತು ಎಂದು ನಾನು ಸಭೆಯಲ್ಲಿ ಕೇಳಿದೆ. ಯಾರೂ ಉತ್ತರ ಹೇಳಲಿಲ್ಲ. ಮುಖದ ಚಿತ್ರವೇ ಬೇಡ, ಅಕ್ಷರ ಸಾಕು ಎಂಬುದು ನನ್ನ ಮತ.

ಇಲ್ಲಿ ಇನ್ನೊಂದು ಅಪಾಯವೂ ಉಂಟು. ‘ಪ್ಲಾಸ್ಟಿಕ್ ಸರ್ಜರಿ’ ಎಂದರೆ ಮೈಯೊಳಗೆ ಪ್ಲಾಸ್ಟಿಕ್ ಇಡುವುದೆಂದು ತಿಳಿದವರು ವಿದ್ಯಾವಂತರಲ್ಲಿಯೂ ಇದ್ದಾರೆ. ಆ ಶಬ್ದ ಗ್ರೀಕ್ ಮೂಲದ್ದು. ಅಚ್ಚಿಗೆ ತರುವುದು, ರೂಪಿಸುವುದು ಎಂದು ಅದರ ಅರ್ಥ. ಸೀಳುತುಟಿಯೊಡನೆ ಹುಟ್ಟಿದ ಮಗುವಿನ ತುಟಿ ಕೂಡಿಸುವವರೂ, ಸುಟ್ಟು ಅಂಟಿಕೊಂಡ ಕುತ್ತಿಗೆಯನ್ನು ಬಿಡಿಸುವವರೂ, ಯಂತ್ರಕ್ಕೆ ಸಿಕ್ಕಿದ ಬೆರಳನ್ನು ಉಳಿಸುವವರೂ ಇದೇ ಶಾಸ್ತ್ರದ ವೈದ್ಯರು. ಬುರುಡೆಯ ಚಿತ್ರ ನೋಡಿ ಹೆದರಿದ ತಾಯಿಯೊಬ್ಬಳು ಸೀಳುತುಟಿಯ ಕೂಸನ್ನು ಆಸ್ಪತ್ರೆಗೆ ಒಯ್ಯದೆ ಮನೆಯಲ್ಲಿಯೇ ಇಟ್ಟುಕೊಂಡರೆ ಆ ಪಾಪ ನಮ್ಮ ಸಂಘಕ್ಕೆ ತಟ್ಟುತ್ತದೆ.

ಈ ಶಾಸ್ತ್ರಕ್ಕೂ ನಮ್ಮ ಮೈಸೂರು ಸೀಮೆಗೂ ಒಂದು ಹಳೆಯ ಸಂಬಂಧವುಂಟು. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮವನ್ನು ಸುಶ್ರುತ ಸಂಹಿತೆಯಲ್ಲಿ ಹೇಳಿರುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಈ ವಿದ್ಯೆ ಯುರೋಪಿನವರ ಕಣ್ಣಿಗೆ ಬಿದ್ದದ್ದು ಶ್ರೀರಂಗಪಟ್ಟಣದ ಯುದ್ಧದಿಂದ. ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬಾತ 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಮುಂದೆ ಪುಣೆಯ ಸೀಮೆಯಲ್ಲಿ, ಇಟ್ಟಿಗೆ ಮಾಡುವ ಕಸುಬಿನ ಜಾತಿಯವನೊಬ್ಬ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಈ ವೃತ್ತಾಂತ ಚಿತ್ರದೊಡನೆ ಅಚ್ಚಾಯಿತು. ಅದನ್ನು ಅನುಸರಿಸಿ ಕಾರ್ಪ್ಯೂ ಎಂಬ ಆಂಗ್ಲ ವೈದ್ಯ 1814ರಲ್ಲಿ ಇದೇ ಕ್ರಮದಲ್ಲಿ ಮೂಗು ಕಟ್ಟಿದ. ಮೂಗು ಹೋದವನು ನಾಲ್ಕು ಜನರ ನಡುವೆ ಮತ್ತೆ ತಲೆಯೆತ್ತಿ ನಿಲ್ಲುವಂತೆ ಮಾಡಿದ ವಿದ್ಯೆಯಿದು. ಇದನ್ನು ಕಂಡು ಬುರುಡೆ ಬರೆಯುವುದು ಕೃತಘ್ನತೆ.

ಹಾಗಾದರೆ ಎಚ್ಚರಿಕೆ ಯಾವುದಕ್ಕೆ? ವಿದ್ಯೆಗಲ್ಲ; ವಿದ್ಯೆಯಿಲ್ಲದ ಕೈಗೆ, ಸಲಕರಣೆಯಿಲ್ಲದ ಕೋಣೆಗೆ, ಅಪಾಯ ಹೇಳದ ಬಾಯಿಗೆ. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಚೇತನಾ ರಾಜ್ ಎಂಬ ಕಿರುತೆರೆಯ ನಟಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ತೀರಿಕೊಂಡರು. ಆಕೆಗೆ ಇಪ್ಪತ್ತೊಂದು ವರ್ಷ. ಮನೆಯಲ್ಲಿ ತಿಳಿಸದೆ ಹೋಗಿದ್ದರೆಂದು ಆಗ ಪತ್ರಿಕೆಗಳು ಬರೆದವು. ಕೂದಲು ನೆಡಿಸಿಕೊಳ್ಳಲು ಹೋದ ಎಂಜಿನಿಯರೊಬ್ಬರು 2025ರ ಮಾರ್ಚಿನಲ್ಲಿ ಕಾನ್ಪುರದಲ್ಲಿ ತೀರಿಕೊಂಡರು. ಇದು ಹೆಂಗಸರ ಹುಚ್ಚು ಎಂದು ಮೀಸೆಯಲ್ಲಿ ನಗುವ ಗಂಡಸರು ಈ ಎರಡನೆಯ ಸುದ್ದಿಯನ್ನು ಮತ್ತೊಮ್ಮೆ ಓದಬೇಕು. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಂದು ಸೂಚನೆ ಹೊರಡಿಸಿ, ಕಾರ್ಯಾಗಾರದಲ್ಲಿ ನೋಡಿದ ಮಾತ್ರಕ್ಕೆ, ಯೂಟ್ಯೂಬಿನಲ್ಲಿ ನೋಡಿದ ಮಾತ್ರಕ್ಕೆ ಕೂದಲು ನೆಡುವಂಥ ಚಿಕಿತ್ಸೆಗೆ ಬೇಕಾದ ತರಬೇತಿ ಆದಂತಾಗುವುದಿಲ್ಲ ಎಂದು ಹೇಳಬೇಕಾಯಿತು. ಸಾರು ಮಾಡುವುದನ್ನು ಯೂಟ್ಯೂಬ್ ನೋಡಿ ಕಲಿಯಬಹುದು; ಕೆಟ್ಟರೆ ಚೆಲ್ಲಬಹುದು. ಮನುಷ್ಯನ ನೆತ್ತಿಯನ್ನು ಹಾಗೆ ಕಲಿಯಬಾರದೆಂದು ಆಯೋಗವೇ ಹೇಳಬೇಕಾದ ಕಾಲ ಬಂತಲ್ಲ!

ಅಪಾಯಗಳೇನು ಎಂಬುದು ಗುಟ್ಟೇನೂ ಅಲ್ಲ. ಕೊಬ್ಬು ತೆಗೆಯುವುದೆಂದರೆ ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ, ಕೊಳವೆ ತೂರಿಸಿ, ಕೊಬ್ಬನ್ನು ಹೀರುವುದು. ಅದು ಅಲ್ಲಲ್ಲಿ ಮೈಯ ಆಕಾರವನ್ನು ತಿದ್ದುವ ಕ್ರಮವೇ ಹೊರತು ತೂಕ ಇಳಿಸುವ ಚಿಕಿತ್ಸೆಯಲ್ಲ. ಕೊಬ್ಬಿನ ಕಣ ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ನಂಜಾಗಬಹುದು. ಅರಿವಳಿಕೆಯ ಅಪಾಯ ಬೇರೆ. ತುಟಿ, ಕೆನ್ನೆ ತುಂಬಲು ಚುಚ್ಚುವ ಮದ್ದು ರಕ್ತನಾಳದೊಳಕ್ಕೆ ಸೇರಿದರೆ ಅಲ್ಲಿನ ಚರ್ಮ ಸಾಯಬಹುದು. ಅಪರೂಪಕ್ಕಾದರೂ ಕಣ್ಣೇ ಹೋಗುವುದುಂಟು. ತಿದ್ದಿದ ಮೂಗಿನ ಬಾವು ಪೂರ್ತಿ ಇಳಿದು ಅದರ ನಿಜವಾದ ಆಕಾರ ಕಾಣಲು ಸುಮಾರು ಒಂದು ವರ್ಷ ಬೇಕು; ಕೆಲವರಿಗೆ ಎರಡನೆಯ ಸಲ ಕತ್ತಿಗೆ ಮೂಗೊಡ್ಡಬೇಕಾಗುತ್ತದೆ. ನುರಿತ ಕೈಯಲ್ಲಿ ಇವು ವಿರಳ; ಆದರೆ ಇಲ್ಲವೇ ಇಲ್ಲ ಎಂದು ಹೇಳುವವನು ವೈದ್ಯನಲ್ಲ, ವ್ಯಾಪಾರಿ.

ಕಾಯಿದೆ ಇಲ್ಲವೇ ಎಂದರೆ, ಉಂಟು. ಮಾಯಾಮದ್ದುಗಳ ಜಾಹೀರಾತನ್ನು ತಡೆಯಲು 1954ರಲ್ಲಿಯೇ ಕೇಂದ್ರ ಸರ್ಕಾರ ಒಂದು ಕಾಯಿದೆ ಮಾಡಿತು. ಅದರ ಪಟ್ಟಿಯಲ್ಲಿ ಕ್ಯಾನ್ಸರು, ಕುಷ್ಠಗಳ ಜೊತೆಗೆ ಬೊಜ್ಜು, ಮನುಷ್ಯನ ಎತ್ತರ, ಹೆಣ್ಣಿನ ಎದೆಯ ಆಕಾರ ಇವೂ ಸೇರಿವೆ. ಅಂದರೆ ಇಂಥ ವ್ಯಾಪಾರ ಆಗಲೇ ಜೋರಾಗಿತ್ತೆಂದಾಯಿತು. ಆ ಕಾಯಿದೆ ಮದ್ದು, ತಾಯಿತ, ಮಂತ್ರಗಳವರನ್ನು ಉದ್ದೇಶಿಸಿದ್ದು. ವೈದ್ಯರಿಗೆ ಬೇರೆ ಕಟ್ಟಳೆಯಿದೆ: ವೈದ್ಯನಾಗಲಿ, ವೈದ್ಯರ ಗುಂಪಾಗಲಿ, ಸಂಸ್ಥೆಯಾಗಲಿ ನೇರವಾಗಿಯೋ ಸುತ್ತಿಬಳಸಿಯೋ ರೋಗಿಗಳನ್ನು ಕೂಗಿ ಕರೆಯುವುದು ವೃತ್ತಿಧರ್ಮಕ್ಕೆ ವಿರುದ್ಧ ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಲ್ಲಿ ಹೇಳಿದೆ. ಹೊಸದಾಗಿ ವೃತ್ತಿ ಆರಂಭಿಸಿದರೆ, ವಿಳಾಸ ಬದಲಾದರೆ, ಊರಿಗೆ ಹೋಗಿ ಮರಳಿ ಬಂದರೆ ಪ್ರಕಟಿಸಬಹುದು. ಹಬ್ಬದ ರಿಯಾಯಿತಿಗೆ ಅಲ್ಲಿ ಜಾಗವಿಲ್ಲ. ಆದರೂ ಪತ್ರಿಕೆಯ ಮಡಿಕೆಯೊಳಗಿಂದ ಆ ಬಣ್ಣದ ಹಾಳೆ ಜಾರಿ ಬೀಳುವುದು ನಿಂತಿಲ್ಲ.

ಈಗ ನನ್ನ ಮನಸ್ಸಿಗೆ ನಾಟಿದ ಸಂಗತಿಗೆ ಬರುತ್ತೇನೆ. ಕನ್ನಡದವನಾದ ನನಗೆ ಹೆಚ್ಚು ಚುಚ್ಚಿದ್ದೂ ಇದೇ.

ನನ್ನ ಅಕ್ಕನ ಮಗಳು ಬಿ.ಕಾಂ. ಮಾಡಿ ಇಲ್ಲಿಯ ಕೈಗಾರಿಕಾ ಪ್ರದೇಶದ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತಾಳೆ. ಒಂದು ಸಂಜೆ ಮನೆಗೆ ಬಂದವಳು ಕಾಫಿ ಕುಡಿದು, ಲೋಟ ತೊಳೆದಿಟ್ಟು, ಚೀಲದಿಂದ ನಾಲ್ಕು ಹಾಳೆ ತೆಗೆದಳು. “ಮಾವ, ಇದನ್ನ ಒಂಚೂರು ಓದಿ ಹೇಳಿ. ಸೈನ್ ಹಾಕೋಕೆ ಕೊಟ್ಟಿದ್ದಾರೆ” ಎಂದಳು. ನೋಡಿದೆ. ಮೂಗು ತಿದ್ದುವ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಪತ್ರ. ನಾಲ್ಕು ಪುಟವೂ ಇಂಗ್ಲಿಷ್. ಇರುವೆ ಸಾಲಿನಂಥ ಅಕ್ಷರ. ಆ ಕಡೆಯವರು ಅವಳನ್ನು ಕರೆದ ಬಣ್ಣದ ಹಾಳೆಯನ್ನೂ ಜೊತೆಗೆ ಇಟ್ಟಿದ್ದಳು. ಅದು ಅಚ್ಚಗನ್ನಡ! ‘ನಿಮ್ಮ ಕನಸಿನ ಮುಖ’ ಎಂದು ಆರಂಭವಾಗಿ ಕೊನೆಯ ತನಕ ಜೇನು ಸುರಿದಂತಿತ್ತು. ಒಂದು ಕಾಗುಣಿತ ತಪ್ಪಿರಲಿಲ್ಲ. ನಮ್ಮ ವಿದ್ಯಾರ್ಥಿಯೇ ಯಾರೋ ಬರೆದುಕೊಟ್ಟಿರಬೇಕು. ಆಸೆ ಹುಟ್ಟಿಸುವುದಕ್ಕೆ ಕನ್ನಡ, ಅಪಾಯ ತಿಳಿಸುವುದಕ್ಕೆ ಇಂಗ್ಲಿಷ್. ಕರೆಯುವಾಗ ತಾಯಿಯ ಭಾಷೆ, ಕೈಬಿಡುವಾಗ ವಕೀಲರ ಭಾಷೆ. ನಿಘಂಟು ಇಟ್ಟುಕೊಂಡು ಕುಳಿತರೂ ಆ ನಾಲ್ಕು ಪುಟ ಮುಗಿಸಲು ನನಗೆ ಎರಡು ಗಂಟೆ ಹಿಡಿಯಿತು. ಸಾರಾಂಶ ಇಷ್ಟು: ಏನಾದರೂ ಆದರೆ ನಾವು ಹೊಣೆಯಲ್ಲ, ಇದನ್ನೆಲ್ಲ ನನಗೆ ತಿಳಿಸಿ ಹೇಳಿದ್ದಾರೆ.

ತಿಳಿಸಿ ಹೇಳಿದ್ದಾರೆಯೇ ಎಂದು ಕೇಳಿದೆ. “ಇಲ್ಲ ಮಾವ, ಗುರುತು ಹಾಕಿದ ಕಡೆ ಸೈನ್ ಮಾಡಿ ಅಂದ್ರು” ಎಂದಳು.

ಚಿಕಿತ್ಸೆಯ ಸ್ವರೂಪ, ಅದರ ಅಪಾಯ, ಅದಕ್ಕೆ ಬದಲಿ ದಾರಿ ಇವನ್ನು ಸಾಕಷ್ಟು ತಿಳಿಸಿದ ಮೇಲೆ ರೋಗಿ ಕೊಟ್ಟ ಒಪ್ಪಿಗೆಯೇ ಒಪ್ಪಿಗೆ ಎಂದು ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪು ಕೊಟ್ಟಿದೆ. ತಿಳಿಯದ ಭಾಷೆಯಲ್ಲಿ ತಿಳಿಸಿದ್ದು ತಿಳಿಸಿದಂತಾಗುವುದು ಹೇಗೆ? ಕನ್ನಡದ ಹೆಸರಿನಲ್ಲಿ ನಾವು ನಾಮಫಲಕಗಳ ಮುಂದೆ ನಿಂತು ಘೋಷಣೆ ಕೂಗಿದ್ದೇವೆ. ಬೇಡವೆನ್ನುವುದಿಲ್ಲ. ಆದರೆ ಮೈಗೆ ಕತ್ತಿ ತಾಗುವ ಮುನ್ನ ಸಹಿ ಹಾಕುವ ಕಾಗದ ಕನ್ನಡದಲ್ಲಿರಲಿ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಅಂಗಡಿಯ ಬೋರ್ಡಿಗಿಂತ ಅದು ದೊಡ್ಡ ವಿಷಯವಲ್ಲವೇ?

ಪಾರಿಭಾಷಿಕ ಶಬ್ದ ಮಾಡುವವರ ಮೇಲೂ ನನಗೊಂದು ಆಕ್ಷೇಪಣೆಯಿದೆ. ಈ ಚಿಕಿತ್ಸೆಗೆ ಕನ್ನಡದಲ್ಲಿ ‘ಸುರೂಪಿಕಾ ಚಿಕಿತ್ಸೆ’ ಎಂದು ಹೆಸರಿಟ್ಟಿದ್ದಾರೆ. ಕೇಳುವುದಕ್ಕೆ ಇಂಪಾಗಿದೆ. ಆದರೆ ಹೋಗುವವಳು ಕುರೂಪಿ, ಬರುವವಳು ಸುರೂಪಿ ಎಂಬ ತೀರ್ಮಾನ ಆ ಹೆಸರಿನಲ್ಲಿಯೇ ಆಗಿಹೋಗಿದೆ. ಜಾಹೀರಾತಿನವರು ಹಣ ಕೊಟ್ಟು ಬರೆಸಿದ್ದರೂ ಇದಕ್ಕಿಂತ ಒಳ್ಳೆಯ ಶಬ್ದ ಅವರಿಗೆ ಸಿಕ್ಕುತ್ತಿರಲಿಲ್ಲ. ಓಲೆಯಲ್ಲಿ ನಾನು ‘ಮೂಗು ತಿದ್ದುವ ಶಸ್ತ್ರಚಿಕಿತ್ಸೆ’, ‘ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆ’ ಎಂದೇ ಬರೆದಿದ್ದೇನೆ. ಕೇಳಿದವರಿಗೆ ಕತ್ತಿಯ ನೆನಪಾಗಬೇಕು.

ಆ ಸಂಜೆಗೆ ಮರಳುತ್ತೇನೆ. ಎಲ್ಲ ಓದಿ ಮುಗಿಸಿದ ಮೇಲೆ, ‘ನಿನ್ನ ಮೂಗಿಗೆ ಏನಾಗಿದೆಯಮ್ಮ? ಯಾರು ಏನಂದರು?’ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅನಂತರ, “ಮೊದಲು ಅಂದಿದ್ದು ನೀವೇ ಅಲ್ವಾ ಮಾವ?” ಎಂದಳು. ಸಿಟ್ಟಿರಲಿಲ್ಲ, ಲೆಕ್ಕದ ಪುಸ್ತಕದಲ್ಲಿರುವುದನ್ನು ಓದಿ ಹೇಳಿದಂತೆ ಹೇಳಿದಳು.

ನೆನಪಾಯಿತು. ಅವಳು ಮೂರು ನಾಲ್ಕು ವರ್ಷದವಳಿದ್ದಾಗ ಎತ್ತಿಕೊಂಡು ‘ಬೋಂಡಾಮೂಗಿ’ ಎಂದು ಮುದ್ದು ಮಾಡಿದವನು ನಾನು. ಮನೆಮಂದಿಯೆಲ್ಲ ನಕ್ಕರು. ಹೆಸರು ಅಂಟಿಕೊಂಡಿತು. ನೆಂಟರು ಬಂದಾಗ ಆ ಹೆಸರಿನಿಂದಲೇ ಕರೆದು ಮಾತಾಡಿಸಿದೆವು. ಅವಳು ಬೆಳೆದಳು, ಹೆಸರು ಬೆಳೆಯಲಿಲ್ಲ, ಹೋಗಲೂ ಇಲ್ಲ. ಹೋದ ವರ್ಷ ಎರಡು ಕಡೆಯವರು ನೋಡಿಕೊಂಡು ಹೋದರು. ಒಂದು ಕಡೆಯವರು ‘ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ...’ ಎಂದು ನಿಲ್ಲಿಸಿದರು. ಆ ‘ಆದರೆ’ಯ ಮುಂದಿನ ಮಾತನ್ನು ಅವಳು ತಾನೇ ಪೂರ್ತಿ ಮಾಡಿಕೊಂಡಿದ್ದಾಳೆ. ಪ್ರೀತಿಯಿಂದ ಇಟ್ಟ ಹೆಸರೆಂದು ನಾನು ವಾದಿಸಬಹುದು. ಆದರೆ ಪ್ರೀತಿ ನನ್ನ ಬಾಯಲ್ಲಿತ್ತು. ಮೂಗು ಅವಳ ಮುಖದಲ್ಲಿತ್ತು.

ಇಷ್ಟಾದ ಮೇಲೆ ತರಗತಿಯ ಒಂದು ನೆನಪೂ ಕಾಡುತ್ತಿದೆ. 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆಯನ್ನು ಪಾಠ ಹೇಳುವಾಗ ಅಮೃತಮತಿ ಮನಸೋತ ಆ ಮಾವುತನ ವಿಕಾರರೂಪದ ವರ್ಣನೆ ಬರುತ್ತದೆ. ಪ್ರತಿ ವರ್ಷವೂ ತರಗತಿ ನಗುತ್ತದೆ. ನಾನೂ ಸ್ವಲ್ಪ ಅಭಿನಯಿಸಿ ನಗಿಸುತ್ತೇನೆ. ಅವಳ ಕಿವಿಗೆ ಮೊದಲು ಬಿದ್ದದ್ದು ಅವನ ಹಾಡು, ರೂಪದ ಮಾತು ಬಂದದ್ದು ಆಮೇಲೆ ಎಂಬುದನ್ನು ಒತ್ತಿ ಹೇಳುವುದನ್ನು ಮರೆಯುತ್ತೇನೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ನಗಲಿಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕುಳಿತಿದ್ದ. ಅವನ ಹಲ್ಲು ಮುಂದಕ್ಕೆ ಬಂದಿದ್ದವೆಂಬುದು ನನಗೆ ಆಗ ತಟ್ಟಲಿಲ್ಲ.

ಆದ್ದರಿಂದಲೇ ಸಂಘದ ಓಲೆಗೆ ನಾನು ಎತ್ತಿದ ದೊಡ್ಡ ಆಕ್ಷೇಪಣೆ ಅದರ ಬಣ್ಣದ್ದಲ್ಲ, ಬುರುಡೆಯದೂ ಅಲ್ಲ, ವಿಳಾಸದ್ದು. ಯಾವ ಕಾಗದವಾದರೂ ಸೇರಬೇಕಾದವರಿಗೆ ಸೇರಬೇಕಾದರೆ ವಿಳಾಸ ಸರಿಯಾಗಿರಬೇಕು. ಹಾಸ್ಟೆಲಿನ ಹುಡುಗಿಗೆ ‘ನಿನಗೆ ಹುಚ್ಚು’ ಎಂದು ಬರೆದ ಕಾಗದ ವಿಳಾಸ ತಪ್ಪಿದ ಕಾಗದ. ಆ ಹುಚ್ಚನ್ನು ಹಿಡಿಸಿದವರು ಮನೆಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದಾರೆ. ಮಗು ಹುಟ್ಟಿದ ಕೂಡಲೆ ಬಣ್ಣ ಕೇಳುವ ಅಜ್ಜಿ, ಹೆಣ್ಣು ನೋಡಲು ಬಂದು ನಡೆಸಿ ನೋಡುವ ಅತ್ತೆ, ಹೆಸರಿಡುವ ಸೋದರಮಾವ ಇವರೇ ನಿಜವಾದ ವಿಳಾಸದಾರರು. ಈ ಪುರವಣಿಯನ್ನು ಓದುವವರು ಸಿಟ್ಟಾಗದಿದ್ದರೆ ಇನ್ನೊಂದು ಮಾತು: ಪತ್ರಿಕೆಗಳ ವಧೂವರರ ಅಂಕಣವನ್ನು ಒಮ್ಮೆ ತೆಗೆದು ನೋಡಿ. ‘ಬೆಳ್ಳಗೆ, ತೆಳ್ಳಗೆ, ಲಕ್ಷಣವಾದ’ ಎಂಬ ಮೂರು ವಿಶೇಷಣಗಳಿಗೆ ನಾವು ಅಕ್ಷರಕ್ಕೆ ಇಷ್ಟೆಂದು ಹಣ ತೆತ್ತಿದ್ದೇವೆ. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ ಎಂಬ ಮುಲಾಮು ಕೂಡ 2020ರಲ್ಲಿ ನಾಚಿಕೊಂಡು ಹೆಸರಿನಿಂದ ‘ಫೇರ್’ ಎಂಬುದನ್ನು ಕಿತ್ತುಹಾಕಿತು. ನಾವು ಇನ್ನೂ ನಾಚಿಕೊಂಡಿಲ್ಲ.

ನನ್ನ ಮಾದರಿ ಹೀಗಿದೆ. ಒಂದೇ ಹಾಳೆ, ಒಂದು ಮಡಿಕೆ. ಬಿಳಿ ಕಾಗದದ ಮೇಲೆ ಕಪ್ಪು ಅಕ್ಷರ; ಕನ್ನಡಕ ಮರೆತವರೂ ಓದುವಷ್ಟು ದಪ್ಪ. ಹೊರಮೈ ಮನೆಯವರಿಗೆ, ಒಳಮೈ ಹೋಗಬೇಕೆಂದಿರುವವರಿಗೆ.

ಒಳಮೈಯಲ್ಲಿ ಬೈಗುಳವಿಲ್ಲ, ಉಪದೇಶವಿಲ್ಲ. ವೈದ್ಯರನ್ನು ಕೇಳಬೇಕಾದ ಏಳು ಪ್ರಶ್ನೆಗಳಿವೆ. ಒಂದು: ತಮ್ಮ ಪದವಿ ಯಾವುದು? ಪ್ಲಾಸ್ಟಿಕ್ ಸರ್ಜನ್ ಆಗಬೇಕಾದರೆ ಐದೂವರೆ ವರ್ಷದ ಎಂ.ಬಿ.ಬಿ.ಎಸ್. ಆದ ಮೇಲೆ ಸಾಮಾನ್ಯವಾಗಿ ಮೂರು ವರ್ಷದ ಎಂ.ಎಸ್., ಮತ್ತೆ ಮೂರು ವರ್ಷದ ಎಂ.ಸಿಎಚ್. ಓದಬೇಕು. ಒಟ್ಟು ಹನ್ನೊಂದೂವರೆ ವರ್ಷ. ‘ಕಾಸ್ಮೆಟಿಕ್ ಎಕ್ಸ್‌ಪರ್ಟ್’ ಎಂಬುದು ಪದವಿಯಲ್ಲ, ಬಿರುದು. ಬಿರುದನ್ನು ಯಾರು ಬೇಕಾದರೂ ಕಟ್ಟಿಕೊಳ್ಳಬಹುದು. ಎರಡು: ನನ್ನ ಮೈಮೇಲೆ ಕತ್ತಿ ಆಡಿಸುವವರು ತಾವೇಯೋ, ಬೇರೆಯವರೋ? ಮೂರು: ಅರಿವಳಿಕೆ ಕೊಡುವ ವೈದ್ಯರು ಯಾರು, ಕೊನೆಯ ತನಕ ಕೋಣೆಯಲ್ಲಿ ಇರುತ್ತಾರೆಯೇ? ನಾಲ್ಕು: ಉಸಿರು ನಿಂತರೆ ಏನು ಮಾಡುತ್ತೀರಿ? ತೀವ್ರ ನಿಗಾ ಘಟಕ ಇಲ್ಲಿದೆಯೋ, ಇಲ್ಲದಿದ್ದರೆ ಎಷ್ಟು ದೂರದಲ್ಲಿದೆ? ಐದು: ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯಂತೆ ಆದ ನೋಂದಣಿಯ ಪತ್ರ ಎಲ್ಲಿ? ಆರು: ಈ ಚಿಕಿತ್ಸೆಯಿಂದ ಆಗಬಹುದಾದ ಕೆಡುಕುಗಳೇನು, ಕೆಟ್ಟರೆ ಮತ್ತೆ ಸರಿಪಡಿಸುವ ಖರ್ಚು ಯಾರದು? ಏಳು: ಇದನ್ನೆಲ್ಲ ಕನ್ನಡದಲ್ಲಿ ಬರೆದುಕೊಡುತ್ತೀರಾ, ಮನೆಗೆ ಒಯ್ದು ಓದಲು ಕಾಲಾವಕಾಶ ಕೊಡುತ್ತೀರಾ? ಈ ಏಳಕ್ಕೂ ಮುಖ ಸಿಂಡರಿಸದೆ ಉತ್ತರ ಕೊಡುವ ವೈದ್ಯರು ನಮ್ಮ ನಾಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಒಂದಕ್ಕಾದರೂ ‘ಅದೆಲ್ಲ ನಿಮಗೆ ಯಾಕೆ’ ಎಂದವರ ಮೆಟ್ಟಿಲನ್ನು ಇಳಿದು ಬನ್ನಿ. ಕೊನೆಯ ಸಾಲು: ಹೋಗುವುದಾದರೆ ಹೇಳಿ ಹೋಗಿ. ಒಬ್ಬರಿಗಾದರೂ ಹೇಳಿ.

ಹೊರಮೈಯಲ್ಲಿರುವುದು ಮೂರೇ ಸಾಲು. ‘ಮನೆಯ ಹಿರಿಯರೇ, ಈ ಮನೆಯಲ್ಲಿ ಯಾರ ಮೈಬಣ್ಣವನ್ನಾಗಲಿ, ಮೂಗನ್ನಾಗಲಿ, ಹಲ್ಲನ್ನಾಗಲಿ ಹಿಡಿದು ಹೆಸರಿಟ್ಟಿದ್ದೀರಾ? ಇಟ್ಟಿದ್ದರೆ ಇಂದೇ ಬಿಡಿ. ನಿಮಗೆ ಹೇಳಿ ಹೋಗುವ ಧೈರ್ಯ ಮಕ್ಕಳಿಗೆ ಬರುವಂತೆ ನಡೆದುಕೊಳ್ಳಿ.’

ಸಂಘದಲ್ಲಿ ಇದಕ್ಕೆ ವಿರೋಧ ಬಂದಿದೆ. ಪ್ರಶ್ನೆಗಳನ್ನು ಹೇಳಿಕೊಟ್ಟರೆ ಹೋಗಿ ಎಂದು ನಾವೇ ದಾರಿ ತೋರಿಸಿದಂತಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೋಗುವವರಿಗೆ ದಾರಿ ಆಗಲೇ ಗೊತ್ತಿದೆ, ಸ್ವಾಮಿ. ಅವರಿಗೆ ಗೊತ್ತಿಲ್ಲದಿರುವುದು ದಾರಿಯಲ್ಲಿರುವ ಗುಂಡಿ. ಹೆದರಿಸಿದರೆ ಅವರು ನಿಲ್ಲುವುದಿಲ್ಲ, ಬಚ್ಚಿಟ್ಟುಕೊಂಡು ಹೋಗುತ್ತಾರೆ. ಬಚ್ಚಿಟ್ಟುಕೊಂಡು ಹೋದವರಿಗೆ ಕಷ್ಟ ಬಂದಾಗ ಹತ್ತಿರ ಯಾರೂ ಇರುವುದಿಲ್ಲ. ‘ಹಿರಿಯರನ್ನು ಬೈದು ಓಲೆ ಕಳುಹಿಸಿದರೆ ಮುಂದಿನ ವರ್ಷ ಚಂದಾ ಕೊಡುವವರು ಯಾರು?’ ಎಂದು ಖಜಾಂಚಿಗಳು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಅಕ್ಕನ ಮಗಳು ಏಳು ಪ್ರಶ್ನೆಗಳನ್ನು ಬರೆದುಕೊಂಡು ಹೋದಳು. ಅಲ್ಲಿ ಮೂರಕ್ಕೆ ಉತ್ತರ ಸಿಕ್ಕಿತಂತೆ, ನಾಲ್ಕಕ್ಕೆ ನಗು ಸಿಕ್ಕಿತಂತೆ. ಸಹಿ ಹಾಕದೆ ಬಂದಿದ್ದಾಳೆ. ಬೇರೊಬ್ಬ ವೈದ್ಯರನ್ನು ಕೇಳುತ್ತಾಳೋ, ಇದ್ದ ಮೂಗಿನಲ್ಲಿಯೇ ಇರುತ್ತಾಳೋ, ಅದು ಅವಳಿಗೆ ಸೇರಿದ ವಿಷಯ. ನಾನು ಕೇಳಿಲ್ಲ. ಕೇಳುವ ಹಕ್ಕನ್ನು ಆ ಹೆಸರಿಟ್ಟ ದಿನವೇ ಕಳೆದುಕೊಂಡೆನೆಂದು ತೋರುತ್ತದೆ.

ಬರುವ ಭಾನುವಾರ ಸಂಘದ ಸಭೆ ಇದೆ. ಬುರುಡೆ ಗೆಲ್ಲುತ್ತದೋ, ಪ್ರಶ್ನೆಗಳು ಗೆಲ್ಲುತ್ತವೋ ನೋಡಬೇಕು. ಬುರುಡೆಯೇ ಗೆದ್ದರೆ ನನ್ನ ಮಾದರಿಯನ್ನು ನನ್ನ ಖರ್ಚಿನಲ್ಲಿ ನೂರು ಪ್ರತಿಯಾದರೂ ಅಚ್ಚು ಹಾಕಿಸುತ್ತೇನೆ. ಮೊದಲನೆಯ ಪ್ರತಿಗೆ ವಿಳಾಸ ಬರೆದಾಗಿದೆ. ಅದು ನನ್ನ ಮನೆಯದೇ.